ತಾನೇ ತಿರುಗುವ ಚಕ್ರ: ‘ಅಸಾಧ್ಯ’ ಎಂಬ ಮಾತು ಬೆಳೆದು ಬಂದ ದಾರಿ

ಆಗದ ಮಾತಿಗೆ ಉದಾಹರಣೆ ಕೊಡಬೇಕಾದಾಗ ನಮ್ಮ ಹಳೆಯ ತರ್ಕಶಾಸ್ತ್ರದವರು ಬಳಸುತ್ತಿದ್ದ ಕೆಲವು ಸಿದ್ಧ ಚಿತ್ರಗಳಿವೆ: ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ. ಇವುಗಳ ಸಾಲಿನಲ್ಲಿ ಮರಳು ಹಿಂಡಿ ತೆಗೆದ ಎಣ್ಣೆಯೂ ಇದೆ. ಇಂದು ಈ ಪಟ್ಟಿಯನ್ನು ಮತ್ತೆ ಓದಿದರೆ ಸ್ವಲ್ಪ ಮುಜುಗರವಾಗುತ್ತದೆ. ಕೆನಡಾದ ಅಲ್ಬರ್ಟಾ ಪ್ರಾಂತ್ಯದಲ್ಲಿ ಎಣ್ಣೆಯಂಟಿದ ಮರಳನ್ನು ಅಗೆದು, ಬಿಸಿನೀರಿನಲ್ಲಿ ತೊಳೆದು ತೈಲ ತೆಗೆಯುವ ದೊಡ್ಡ ಉದ್ಯಮವೇ ಅರ್ಧ ಶತಮಾನದಿಂದ ನಡೆಯುತ್ತಿದೆ. 1933ರಲ್ಲಿ ಅಮೆರಿಕದ ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಅಲ್ಲಿನ ಕಾಡುಮೊಲಗಳ ಮೈಮೇಲೆ ಕೊಂಬಿನಂತೆ ಬೆಳೆಯುವ ಗಡಸು ಗಂಟುಗಳನ್ನು ಪರೀಕ್ಷಿಸಿ, ಅವುಗಳಿಗೆ ಒಂದು ವೈರಸ್ ಕಾರಣವೆಂದು ತೋರಿಸಿದ. ಅದು ಎತ್ತಿನ ಕೊಂಬಲ್ಲ ನಿಜ, ಆದರೆ ಅಂಥ ಮೊಲವನ್ನು ಕಣ್ಣಾರೆ ಕಂಡ ಹಳ್ಳಿಗನೊಡನೆ ವಾದಕ್ಕಿಳಿದ ಪಂಡಿತ ಗೆಲ್ಲುವುದು ಕಷ್ಟವಿತ್ತು. ಬಂಜೆಯ ಮಗ ಮಾತ್ರ ಇಂದಿಗೂ ಹುಟ್ಟಿಲ್ಲ, ಮುಂದೆಯೂ ಹುಟ್ಟುವುದಿಲ್ಲ. ಏಕೆಂದರೆ ವೈದ್ಯರ ನೆರವಿನಿಂದ ಮಗ ಹುಟ್ಟಿದ ದಿನವೇ ಆ ತಾಯಿಗೆ ಬಂಜೆ ಎಂಬ ಪದ ಸಲ್ಲದಂತಾಗುತ್ತದೆ.

ಒಂದೇ ಉಸಿರಿಗೆ ಹೇಳುತ್ತಿದ್ದ ಈ ಉದಾಹರಣೆಗಳು ಒಂದೇ ಜಾತಿಯವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಮರಳಿನ ಎಣ್ಣೆ ನಮ್ಮ ಕೈಯಲ್ಲಿ ಆಗದಿದ್ದ ಕೆಲಸ, ಮೊಲದ ಕೊಂಬು ನಾವು ಕಾಣದಿದ್ದ ವಸ್ತು, ಬಂಜೆಯ ಮಗ ಮಾತಿನೊಳಗೇ ಕೂತಿರುವ ವಿರೋಧ. ‘ನಿನ್ನೆ ಅಸಾಧ್ಯವೆಂದದ್ದು ಇಂದು ಸಾಧ್ಯವಾಗಿದೆ, ಆದ್ದರಿಂದ ಜಗತ್ತಿನಲ್ಲಿ ಅಸಾಧ್ಯವೆಂಬುದೇ ಇಲ್ಲ’ ಎಂಬ ವಾದವನ್ನು ಪವಾಡಗಳ ಪರವಾಗಿ ಮಾತನಾಡುವವರು ಹೂಡುತ್ತಲೇ ಇರುತ್ತಾರೆ. ಆ ವಾದ ನಿಂತಿರುವುದು ಈ ಬಗೆಗಳನ್ನು ಒಂದರೊಳಗೊಂದು ಬೆರೆಸುವುದರ ಮೇಲೆ. ಇವುಗಳ ನಡುವೆ ಇನ್ನೂ ಒಂದು ಬಗೆಯಿದೆ. ತರ್ಕದ ಪ್ರಕಾರ ಅದರಲ್ಲಿ ವಿರೋಧವಿಲ್ಲ, ಯತ್ನಿಸಿದವರಿಗೆ ಲೆಕ್ಕವಿಲ್ಲ, ಆದರೂ ವಿಜ್ಞಾನ ಅದನ್ನು ಖಡಾಖಂಡಿತವಾಗಿ ಆಗದೆನ್ನುತ್ತದೆ. ಅದು ಯಾರೂ ತಳ್ಳದೆ, ಏನನ್ನೂ ಉರಿಸದೆ, ತಾನೇ ತಿರುಗುತ್ತಾ ಕೆಲಸ ಮಾಡಿಕೊಡುವ ಚಕ್ರ. ಆ ಚಕ್ರದ ಚರಿತ್ರೆ ಬರಹದಲ್ಲಿ ದೊರೆಯುವ ಮಟ್ಟಿಗೆ ನಮ್ಮ ನೆಲದಿಂದಲೇ ಶುರುವಾಗುತ್ತದೆ.

ಬ್ರಹ್ಮಗುಪ್ತ 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದ ಯಂತ್ರಾಧ್ಯಾಯದಲ್ಲಿ, ಟೊಳ್ಳು ಅರಗಳಲ್ಲಿ ಅರ್ಧದಷ್ಟು ಪಾದರಸ ತುಂಬಿದ, ನಿಲ್ಲದೆ ತಿರುಗುವ ಮರದ ಚಕ್ರವೊಂದರ ವರ್ಣನೆಯಿದೆ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯ ಅದನ್ನೇ ಇನ್ನಷ್ಟು ಬಿಡಿಸಿ ಹೇಳುತ್ತಾನೆ: ಹಗುರ ಮರದ ಚಕ್ರವಿರಬೇಕು, ಅರಗಳು ಒಂದೇ ಅಳತೆಯವಾಗಿ ತುಸು ಬಾಗಿರಬೇಕು, ಪಾದರಸ ಹಾಕಿ ಬಾಯಿ ಮುಚ್ಚಿ ಎರಡು ಆಧಾರಗಳ ನಡುವಿನ ಅಚ್ಚಿಗೆ ಏರಿಸಿದರೆ ಚಕ್ರ ತಾನಾಗಿ ತಿರುಗುತ್ತದೆ. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರೆಂದು ಭಾಸ್ಕರ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೆನ್ನುವವರಿಗೂ ಮಹಾರಾಷ್ಟ್ರದ ಪಾಟಣೆಯ ಬಳಿಯ ಊರೆನ್ನುವವರಿಗೂ ನಡುವಿನ ವಾದ ಹಳೆಯದು. ಊರು ಯಾವುದೇ ಇರಲಿ, ಶೂನ್ಯದ ಗಣಿತದಲ್ಲಿ ಅಷ್ಟು ಎಚ್ಚರದಿಂದ ಹೆಜ್ಜೆಯಿಟ್ಟವನು ಈ ಚಕ್ರವನ್ನು ಏಕೆ ನಂಬಿದ ಎಂಬ ಪ್ರಶ್ನೆ ಉಳಿಯುತ್ತದೆ. ನನಗೆ ತೋರುವಂತೆ ಅದರಲ್ಲಿ ಅಚ್ಚರಿಯೇನಿಲ್ಲ. ಪ್ರತಿ ರಾತ್ರಿ ತಲೆಯ ಮೇಲೆ ನಕ್ಷತ್ರಮಂಡಲವೇ ನಿಲ್ಲದೆ ತಿರುಗುವುದನ್ನು ಲೆಕ್ಕ ಹಾಕುತ್ತಿದ್ದ ಜ್ಯೋತಿರ್ವಿಜ್ಞಾನಿಗೆ ನಿಲ್ಲದ ಚಲನೆ ಕನಸಾಗಿರಲಿಲ್ಲ, ದಿನದ ನೋಟವಾಗಿತ್ತು.

ಚಕ್ರದ ಹಿಂದಿನ ಯುಕ್ತಿ ನೋಡಲು ಸರಳ. ಬಾಗಿದ ಅರಗಳಿರುವುದರಿಂದ ಇಳಿಯುವ ಬದಿಯಲ್ಲಿ ಪಾದರಸ ಅಂಚಿನ ಕಡೆಗೂ ಏರುವ ಬದಿಯಲ್ಲಿ ಅಚ್ಚಿನ ಕಡೆಗೂ ಹರಿಯುತ್ತದೆ. ಏತದ ಮರದಲ್ಲಿ ಉದ್ದದ ಬದಿಗೆ ಹಾಕಿದ ಸಣ್ಣ ಭಾರ ಗಿಡ್ಡ ಬದಿಯ ದೊಡ್ಡ ಭಾರವನ್ನು ಎತ್ತುವುದನ್ನು ಕಂಡವರಿಗೆ, ಅಂಚಿನ ಭಾರ ಗೆಲ್ಲಲೇಬೇಕು ಎನಿಸುತ್ತದೆ. ತಪ್ಪಿರುವುದು ಎಣಿಕೆಯಲ್ಲಿ. ಯಾವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೂ ಅಂಚಿಗೆ ಸರಿದ ಭಾರ ಕಡಿಮೆ ಅರಗಳಲ್ಲಿರುತ್ತದೆ, ಒಳಗೆ ಸರಿದ ಭಾರ ಹೆಚ್ಚು ಅರಗಳಲ್ಲಿರುತ್ತದೆ. ಕೆಳಗಿಳಿದಷ್ಟೇ ಪಾದರಸ ಮತ್ತೆ ಮೇಲೇರಬೇಕಾದ್ದರಿಂದ ಒಂದು ಸುತ್ತಿನ ಕೊನೆಗೆ ಲಾಭ ಸೊನ್ನೆ, ಅಚ್ಚಿನ ತಿಕ್ಕಾಟ ಮಾತ್ರ ನಷ್ಟ.

ಈ ಕಲ್ಪನೆ ಭಾರತದಿಂದ ಅರಬ್ ನಾಡುಗಳ ಮೂಲಕ ಯುರೋಪಿಗೆ ಹೋಯಿತೆಂದು ತಂತ್ರಜ್ಞಾನದ ಇತಿಹಾಸಕಾರ ಲಿನ್ ವೈಟ್ ವಾದಿಸಿದ್ದಾರೆ. 13ನೇ ಶತಮಾನದ ಫ್ರಾನ್ಸಿನ ವಿಲಾರ್ ದ ಒನ್‌ಕೂರ್‌ನ ಚಿತ್ರಪುಸ್ತಕದಲ್ಲಿ ಸುತ್ತಿಗೆಗಳನ್ನು ತೂಗಿಬಿಟ್ಟ ಇಂಥದೇ ಚಕ್ರವಿದೆ, ಪಕ್ಕದ ಬರಹದಲ್ಲಿ ಪಾದರಸದ ಮಾತೂ ಇದೆ. ಅಲ್ಲಿಂದ ಮುಂದಿನ ಐದು ಶತಮಾನ ಯುರೋಪಿನ ಬಡಗಿಗಳು, ಗಡಿಯಾರ ಮಾಡುವವರು, ಪಾದ್ರಿಗಳು, ಎಂಜಿನಿಯರುಗಳು ಈ ಚಕ್ರದ ಬೆನ್ನುಹತ್ತಿದರು.

ಇವರ ನಡುವೆ ಒಬ್ಬ ಮಾತ್ರ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ನೆದರ್ಲೆಂಡ್ಸಿನ ಸಿಮೊನ್ ಸ್ಟೆವಿನ್ 1586ರ ತನ್ನ ಪುಸ್ತಕದಲ್ಲಿ, ಎರಡು ಬದಿಗೂ ಇಳಿಜಾರಿರುವ ಬೆಣೆಯೊಂದರ ಮೇಲೆ 14 ಗುಂಡುಗಳ ಸರವನ್ನು ಹೊದಿಸಿದಂತೆ ಚಿತ್ರ ಬರೆದ. ಒಂದು ಇಳಿಜಾರು ಉದ್ದ, ಇನ್ನೊಂದು ಅದರರ್ಧ. ಉದ್ದ ಬದಿಯಲ್ಲಿ ನಾಲ್ಕು ಗುಂಡು, ಗಿಡ್ಡ ಬದಿಯಲ್ಲಿ ಎರಡೇ ಗುಂಡು, ಉಳಿದವು ಕೆಳಗೆ ತೂಗುತ್ತಿವೆ. ನಾಲ್ಕರ ಭಾರ ಎರಡನ್ನು ಎಳೆಯುವುದಾದರೆ ಸರ ಜಾರಬೇಕು. ಜಾರಿದ ಮೇಲೂ ಸರದ ಸ್ಥಿತಿ ಮೊದಲಿನಂತೆಯೇ ಇರುವುದರಿಂದ ಅದು ಎಂದೆಂದಿಗೂ ಜಾರುತ್ತಲೇ ಇರಬೇಕು. ಅದು ಆಗದ ಮಾತು, ಆದ್ದರಿಂದ ಸರ ಕದಲುವುದಿಲ್ಲ ಎಂದ ಸ್ಟೆವಿನ್, ಇಳಿಜಾರಿನ ಮೇಲೆ ಭಾರ ಹೇಗೆ ಹಂಚಿಕೆಯಾಗುತ್ತದೆ ಎಂಬ ನಿಯಮವನ್ನು ಅಲ್ಲಿಂದಲೇ ಹೊರತೆಗೆದ. ಆ ಚಿತ್ರದ ಜೊತೆ ‘ಅಚ್ಚರಿ, ಆದರೂ ಅಚ್ಚರಿಯಲ್ಲ’ ಎಂಬರ್ಥದ ಡಚ್ ಮಾತನ್ನೂ ಹಾಕಿಕೊಂಡ. ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಘಟ್ಟ ಇದು. ಅಲ್ಲಿಯವರೆಗೆ ಬಾಗಿಲು ಮುಚ್ಚುವ ಮಾತಾಗಿದ್ದ ‘ಆಗದು’ ಸ್ಟೆವಿನ್ನನ ಕೈಯಲ್ಲಿ ಹೊಸ ತಿಳಿವಳಿಕೆ ತೆಗೆಯುವ ಉಪಕರಣವಾಯಿತು.

ಎಲ್ಲರಿಗೂ ಅಷ್ಟು ತಾಳ್ಮೆಯಿರಲಿಲ್ಲ. ಜರ್ಮನಿಯ ಯೋಹಾನ್ ಬೆಸ್ಲರ್ ಎಂಬಾತ ‘ಓರ್ಫಿರೇಯಸ್’ ಎಂಬ ಹೆಸರಿನಲ್ಲಿ ಊರೂರಿಗೆ ಚಕ್ರ ತೋರಿಸುತ್ತ ಕೊನೆಗೆ ಹೆಸ್ಸೆ-ಕಾಸೆಲ್‌ನ ದೊರೆಯ ಆಶ್ರಯ ಪಡೆದ. 1717ರ ನವೆಂಬರಿನಲ್ಲಿ ಅವನ ಚಕ್ರವನ್ನು ಕೋಟೆಯ ಕೋಣೆಯೊಂದರಲ್ಲಿ ತಿರುಗಲು ಬಿಟ್ಟು ಬಾಗಿಲಿಗೆ ಮುದ್ರೆ ಹಾಕಿದರು. ನಡುವೆ ಒಮ್ಮೆ ತೆರೆದು ನೋಡಿ ಮತ್ತೆ ಮುಚ್ಚಿ, ಜನವರಿಯಲ್ಲಿ ತೆರೆದಾಗಲೂ ಚಕ್ರ ತಿರುಗುತ್ತಲೇ ಇತ್ತು. 54 ದಿನ! ಆದರೆ ಚಕ್ರದ ಒಳಗನ್ನು ನೋಡಬೇಕಾದರೆ ಮೊದಲು ಭಾರಿ ಮೊತ್ತ ಕೊಡಬೇಕೆಂದು ಅವನ ಷರತ್ತಿತ್ತು. 1721ರಲ್ಲಿ ಡಚ್ ವಿಜ್ಞಾನಿ ಸ್‌ಗ್ರಾವೆಸಾಂಡೆ ಹೊರಗಿನಿಂದ ಅಚ್ಚು, ಆಧಾರಗಳನ್ನು ಪರೀಕ್ಷಿಸಿ, ಮೋಸದ ಗುರುತು ಕಾಣಲಿಲ್ಲವೆಂದು ನ್ಯೂಟನ್ನನಿಗೆ ಪತ್ರವನ್ನೂ ಬರೆದ. ತನ್ನ ಗುಟ್ಟನ್ನು ಪುಕ್ಕಟೆಯಾಗಿ ಕದಿಯಲು ಬಂದಿದ್ದಾನೆಂದು ಸಿಟ್ಟಾದ ಓರ್ಫಿರೇಯಸ್ ಚಕ್ರವನ್ನೇ ಒಡೆದುಹಾಕಿದ. ಪಕ್ಕದ ಕೋಣೆಯಿಂದ ಚಕ್ರವನ್ನು ತಾವೇ ತಿರುಗಿಸುತ್ತಿದ್ದೆವೆಂದು ಮನೆಗೆಲಸದಾಕೆ ಕೆಲವು ವರ್ಷಗಳ ಮೇಲೆ ಹೇಳಿಕೆ ಕೊಟ್ಟಳು. ಆಕೆಯ ಮಾತನ್ನು ನಂಬದೆ ಇಂದಿಗೂ ಅವನ ಗುಟ್ಟು ಹುಡುಕುತ್ತಿರುವವರಿದ್ದಾರೆ. ಒಳಗೇನಿತ್ತೋ ಬಿಡಿ, ಅವನ ಷರತ್ತನ್ನು ಗಮನಿಸಬೇಕು: ಮೊದಲು ನಂಬಿ, ಆಮೇಲೆ ನೋಡಿ.

1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಬೇಸತ್ತು ಒಂದು ನಿರ್ಧಾರಕ್ಕೆ ಬಂತು. ಘನವನ್ನು ಇಮ್ಮಡಿಸುವುದು, ಕೋನವನ್ನು ಮೂರು ಸಮಭಾಗ ಮಾಡುವುದು, ವೃತ್ತದಷ್ಟೇ ಕ್ಷೇತ್ರದ ಚೌಕ ಬರೆಯುವುದು, ಈ ಮೂರು ಸಮಸ್ಯೆಗಳಿಗೆ ಬರುವ ಉತ್ತರಗಳನ್ನೂ ನಿರಂತರ ಚಲನೆಯ ಯಂತ್ರಗಳನ್ನೂ ಇನ್ನು ಮುಂದೆ ಪರಿಶೀಲಿಸುವುದಿಲ್ಲ ಎಂದು ಅದು ಪ್ರಕಟಿಸಿತು. ಇಂಥ ಹುಡುಕಾಟ ಒಂದಕ್ಕಿಂತ ಹೆಚ್ಚು ಕುಟುಂಬಗಳನ್ನು ಬೀದಿಪಾಲು ಮಾಡಿದೆ ಎಂಬ ಕಾರಣವನ್ನೂ ಕೊಟ್ಟಿತು. ಆ ದಿನ ಅಕಾಡೆಮಿಯ ಬಳಿ ನಾಲ್ಕರಲ್ಲಿ ಒಂದಕ್ಕೂ ಪೂರ್ಣ ಸಾಧನೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಅಳತೆಗೆರೆಯಿಲ್ಲದ ಪಟ್ಟಿ ಮತ್ತು ಕೈವಾರದಿಂದ ಘನದ ಇಮ್ಮಡಿ, ಕೋನದ ಮೂರು ಭಾಗ ಎರಡೂ ಆಗವೆಂದು ಗಣಿತಜ್ಞ ವಾಂಜೆಲ್ ಸಾಧಿಸಿದ್ದು 1837ರಲ್ಲಿ. ವೃತ್ತದ ಮಾತು ಮುಗಿದದ್ದು 1882ರಲ್ಲಿ, ಪೈ ಎಂಬ ಸಂಖ್ಯೆಯ ಸ್ವಭಾವವನ್ನು ಲಿಂಡೆಮನ್ ಸಾಧಿಸಿ ತೋರಿಸಿದಾಗ. ಈ ಮೂರೂ ಬಂಜೆಯ ಮಗನ ವರ್ಗಕ್ಕೆ ಸೇರಿದವು, ಯಾವ ಹೊಸ ಉಪಕರಣವೂ ಈ ತೀರ್ಪನ್ನು ಬದಲಿಸದು. ಚಕ್ರದ ಕಥೆ ಹಾಗಲ್ಲ.

ಅದೇ ಅಕಾಡೆಮಿ ಅದೇ ಕಾಲದಲ್ಲಿ ಇನ್ನೊಂದು ವಿಷಯದಲ್ಲಿ ಎಡವಿತು. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಆಕಾಶದಿಂದ ಕಲ್ಲು ಬಿತ್ತೆಂದು ಹೊಲದಲ್ಲಿದ್ದವರು ಹೇಳಿದರು. ರಸಾಯನವಿಜ್ಞಾನಿ ಲವಾಸಿಯೇ ಇದ್ದ ಸಮಿತಿ ಆ ಕಲ್ಲನ್ನು ಪರೀಕ್ಷಿಸಿ, ಇದು ನೆಲದ ಕಲ್ಲೇ, ಸಿಡಿಲು ಬಡಿದಿದೆ ಎಂದು ವರದಿ ಕೊಟ್ಟಿತು. ಆದರೆ ಕಲ್ಲುಗಳು ಬೀಳುವುದನ್ನು ನಿಲ್ಲಿಸಲಿಲ್ಲ. 1798ರ ಡಿಸೆಂಬರಿನಲ್ಲಿ ನಮ್ಮ ಕಾಶಿಯ ಹತ್ತಿರವೇ ಬಿದ್ದವು. ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ ಆ ಕಲ್ಲುಗಳನ್ನೂ ಬೇರೆ ದೇಶಗಳಲ್ಲಿ ಬಿದ್ದವನ್ನೂ ರಾಸಾಯನಿಕವಾಗಿ ವಿಶ್ಲೇಷಿಸಿ, ಎಲ್ಲದರಲ್ಲೂ ನಿಕ್ಕಲ್ ಇದೆಯೆಂದು 1802ರಲ್ಲಿ ತೋರಿಸಿದ. ಮರುವರ್ಷ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಊರಿನ ಮೇಲೆ ಸಾವಿರಾರು ಕಲ್ಲುಗಳು ಸುರಿದವು. ಸರಕಾರ ಕಳಿಸಿದ ಯುವ ವಿಜ್ಞಾನಿ ಬಿಯೊ ಹಳ್ಳಿಹಳ್ಳಿ ತಿರುಗಿ ಸಾಕ್ಷಿ ಕಲೆಹಾಕಿದ ಮೇಲೆ ವಾದ ಮುಗಿಯಿತು. ಉಲ್ಕಾಶಿಲೆಯ ವಿಷಯದಲ್ಲಿ ಅಕಾಡೆಮಿ ಹೇಳಿದ ‘ಇಲ್ಲ’ದ ಹಿಂದೆ ಯಾವ ನಿಯಮವೂ ಇರಲಿಲ್ಲ, ರೈತರ ಮಾತಿನ ಬಗ್ಗೆ ಅಸಡ್ಡೆಯಿತ್ತು. ಅದು ಮೊಲದ ಕೊಂಬಿನ ಜಾತಿಯ ನಿರಾಕರಣೆ, ಸಾಕ್ಷ್ಯ ಬಂದೊಡನೆ ಬಿದ್ದುಹೋಯಿತು. ಚಕ್ರದ ‘ಇಲ್ಲ’ ಮಾತ್ರ ವರ್ಷ ಕಳೆದಂತೆ ಗಟ್ಟಿಯಾಯಿತು.

ಗಟ್ಟಿ ಮಾಡಿದವರು ಯಾರೆಂದು ನೋಡಿದರೆ ತಮಾಷೆಯೆನಿಸುತ್ತದೆ, ಏಕೆಂದರೆ ಮುಖ್ಯರಾದ ಮೂವರೂ ಆಗ ಭೌತವಿಜ್ಞಾನದ ಪ್ರಾಧ್ಯಾಪಕರಾಗಿರಲಿಲ್ಲ. ಮಾಯರ್ ಜಾವಾ ದ್ವೀಪಕ್ಕೆ ಹೋದ ಹಡಗಿನ ವೈದ್ಯ, ಹೆಲ್ಮ್‌ಹೋಲ್ಟ್ಸ್ ಪ್ರಷ್ಯಾದ ಸೇನಾ ವೈದ್ಯ, ಜೂಲ್ ಮ್ಯಾಂಚೆಸ್ಟರ್ ಬಳಿಯ ಬಿಯರ್ ತಯಾರಕರ ಮನೆಯ ಮಗ. ಜೂಲ್ ತನ್ನ ಯೌವನದಲ್ಲಿ ವಿದ್ಯುತ್ ಮೋಟಾರಿನಿಂದ ಅಪಾರ ಶಕ್ತಿ ಸಿಗಬಹುದೆಂದು ಆಸೆಪಟ್ಟಿದ್ದವನು. ಬ್ಯಾಟರಿಯಲ್ಲಿ ಕರಗುವ ಸತುವಿನ ಖರ್ಚು ಕಲ್ಲಿದ್ದಲಿಗಿಂತ ಎಷ್ಟೋ ಹೆಚ್ಚೆಂದು ಅಳೆದು ತಿಳಿದ ಮೇಲೆ, ಆ ನಿರಾಸೆಯ ಲೆಕ್ಕವನ್ನೇ ಮುಂದುವರಿಸಿ, ಇಷ್ಟು ಕೆಲಸಕ್ಕೆ ಇಷ್ಟೇ ಶಾಖ ಎಂಬ ಪ್ರಮಾಣವನ್ನು ಕಂಡುಕೊಂಡ. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ನಿರಂತರ ಚಲನೆ ಆಗದೆಂಬ ಮಾತನ್ನೇ ಬುನಾದಿಯಾಗಿಟ್ಟು ಶಕ್ತಿ ಹೊಸದಾಗಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬ ಸಂರಕ್ಷಣಾ ನಿಯಮವನ್ನು ಗಣಿತದಲ್ಲಿ ಕಟ್ಟಿದ. 1918ರಲ್ಲಿ ಗಣಿತಜ್ಞೆ ಎಮ್ಮಿ ನ್ಯೋಟರ್ ಇನ್ನೂ ಆಳಕ್ಕಿಳಿದು, ಪ್ರಕೃತಿಯ ನಿಯಮಗಳು ನಿನ್ನೆ ಇದ್ದಂತೆಯೇ ನಾಳೆಯೂ ಇರುವುದಾದರೆ ಶಕ್ತಿ ಉಳಿಯಲೇಬೇಕು ಎಂದು ಸಾಧಿಸಿದಳು. ಹೀಗೆ ಪಾದರಸದ ಚಕ್ರ ಲಾಭ ತೋರಿಸಿದರೆ ಬೀಳುವುದು ಒಂದು ಸೂತ್ರವಷ್ಟೇ ಅಲ್ಲ. ಕಲ್ಲಿದ್ದಲಿನ ಲೆಕ್ಕ, ಹೃದಯದ ಬಡಿತದ ಲೆಕ್ಕ, ಗ್ರಹಗಳ ಲೆಕ್ಕ ಎಲ್ಲವೂ ಒಟ್ಟಿಗೆ ಬೀಳಬೇಕಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಲ್ಲದೆ ಚಲಿಸುವುದನ್ನು ವಿಜ್ಞಾನ ನಿಷೇಧಿಸುವುದಿಲ್ಲ. ವಿದ್ಯುತ್ತಿಗೆ ತಡೆಯೊಡ್ಡದ ಅತಿವಾಹಕದ ಉಂಗುರದಲ್ಲಿ ಒಮ್ಮೆ ಹರಿಸಿದ ವಿದ್ಯುತ್ತು ವರ್ಷಗಟ್ಟಲೆ ಸುತ್ತುತ್ತಿರಬಲ್ಲದು. ನಿಷೇಧವಿರುವುದು ಅದರಿಂದ ಪುಕ್ಕಟೆ ಕೆಲಸ ತೆಗೆಯುವುದಕ್ಕೆ. ಶಾಖ ತಾನಾಗಿ ಬಿಸಿಯಿಂದ ತಣ್ಣಗಿನ ಕಡೆಗೆ ಮಾತ್ರ ಹರಿಯುತ್ತದೆ ಎಂಬ ಶಾಖದ ಎರಡನೆಯ ನಿಯಮದ ‘ಆಗದು’ ಇನ್ನೂ ಬೇರೆ ಬಗೆಯದು. ಮೇಜಿನ ಮೇಲಿಟ್ಟ ಕಾಫಿ ಸುತ್ತಲಿನ ಗಾಳಿಯಿಂದ ಶಾಖ ಹೀರಿ ತಾನೇ ಕುದಿಯುವುದನ್ನು ಶಕ್ತಿಯ ಲೆಕ್ಕ ತಡೆಯುವುದಿಲ್ಲ. ಕೋಟ್ಯನುಕೋಟಿ ಅಣುಗಳು ಒಂದೇ ಮನಸ್ಸಿನಿಂದ ಹಾಗೆ ನಡೆದುಕೊಳ್ಳುವ ಸಂಭವ ಮಾತ್ರ ಊಹೆಗೂ ನಿಲುಕದಷ್ಟು ಕಡಿಮೆ. ಕನ್ನಡದಲ್ಲಿ ಅಸಾಧ್ಯ ಮತ್ತು ಅಸಂಭವ ಎಂಬ ಎರಡು ಪದಗಳಿವೆ, ನಾವು ಅವನ್ನು ಒಂದೇ ಎಂಬಂತೆ ಬಳಸುತ್ತೇವೆ. ಕಾಫಿಯದು ಎರಡನೆಯದು. ಈ ಸಂದಿಯಲ್ಲಿ ನುಸುಳಬಹುದೇ ಎಂದು 1867ರಲ್ಲಿ ಮ್ಯಾಕ್ಸ್‌ವೆಲ್ ಕೇಳಿದ. ವೇಗದ ಅಣುವನ್ನು ಒಂದು ಬದಿಗೆ, ನಿಧಾನದ್ದನ್ನು ಇನ್ನೊಂದು ಬದಿಗೆ ಬಿಡುವ ಪುಟ್ಟ ದ್ವಾರಪಾಲಕನಿದ್ದರೆ? ಉತ್ತರಕ್ಕೆ ಸುಮಾರು ಒಂದು ಶತಮಾನ ಹಿಡಿಯಿತು. ಆ ದ್ವಾರಪಾಲಕ ಎಲ್ಲವನ್ನೂ ನೆನಪಿಡಬೇಕು, ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸಬೇಕು. ಅಳಿಸುವುದಕ್ಕೂ ಶಕ್ತಿಯ ಕನಿಷ್ಠ ವೆಚ್ಚವಿದೆ ಎಂದು 1961ರಲ್ಲಿ ರೋಲ್ಫ್ ಲ್ಯಾಂಡಾವರ್ ಲೆಕ್ಕ ಕೊಟ್ಟ. 2012ರಲ್ಲಿ ಆ ವೆಚ್ಚವನ್ನು ಪ್ರಯೋಗದಲ್ಲಿ ಅಳೆದೂ ನೋಡಿದರು. ಆಗದ ಯಂತ್ರದ ಬಗ್ಗೆ ಕೇಳಿದ ಪ್ರಶ್ನೆ ಕೊನೆಗೆ ಕಂಪ್ಯೂಟರಿನ ಭೌತವಿಜ್ಞಾನಕ್ಕೆ ಬಂದು ಮುಟ್ಟಿತು.

ಹಾಗಾದರೆ ಶಕ್ತಿಯ ನಿಯಮವೂ ವಿಜ್ಞಾನಿಗಳ ಒಂದು ನಂಬಿಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ ಹೌದು. 1920ರ ದಶಕದಲ್ಲಿ ಅದಕ್ಕೆ ಪರೀಕ್ಷೆ ಬಂತು. ಕೆಲವು ವಿಕಿರಣಶೀಲ ಪರಮಾಣುಗಳಿಂದ ಎಲೆಕ್ಟ್ರಾನ್ ಹೊರಬೀಳುವಾಗ ಶಕ್ತಿಯ ಲೆಕ್ಕ ತಾಳೆಯಾಗಲಿಲ್ಲ, ಒಂದು ಪಾಲು ಕಾಣೆಯಾಗುತ್ತಿತ್ತು. ಪರಮಾಣುವಿನೊಳಗೆ ಈ ನಿಯಮ ಪ್ರತಿ ಬಾರಿಯೂ ನಡೆಯದೆ ಇರಬಹುದು ಎಂದು ಸ್ವತಃ ನೀಲ್ಸ್ ಬೋರ್ ಹೇಳಲು ಸಿದ್ಧನಿದ್ದ. ಅವನನ್ನು ಯಾರೂ ಬಹಿಷ್ಕರಿಸಲಿಲ್ಲ. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಇನ್ನೊಂದು ದಾರಿ ಸೂಚಿಸಿದ: ಕಾಣದ ಕಣವೊಂದು ಆ ಪಾಲನ್ನು ಹೊತ್ತೊಯ್ಯುತ್ತಿರಬಹುದು. ಕಣ್ಣಿಗೆ ಕಾಣದ್ದನ್ನು ತಂದು ಲೆಕ್ಕ ಸರಿದೂಗಿಸುವುದು ಮೇಲ್ನೋಟಕ್ಕೆ ನಂಬಿಕೆಯವರ ಯುಕ್ತಿಯಂತೆಯೇ ಇದೆ. ಆದರೆ ಆ ಕಣವಿದ್ದರೆ ಅದು ಎಲ್ಲಿ, ಎಷ್ಟು ಅಪರೂಪವಾಗಿ, ಯಾವ ಗುರುತು ಬಿಡಬೇಕು ಎಂಬುದೂ ಆ ಲೆಕ್ಕದಿಂದ ಹೊರಟಿತು. ಗುರುತು ಸಿಗದಿದ್ದರೆ ಪೌಲಿ ಸೋಲಬೇಕಿತ್ತು. 1956ರಲ್ಲಿ ಕೋವನ್ ಮತ್ತು ರೈನ್ಸ್ ಅಮೆರಿಕದ ಪರಮಾಣು ಸ್ಥಾವರವೊಂದರ ಪಕ್ಕದಲ್ಲಿ, ನ್ಯೂಟ್ರಿನೊ ಎಂಬ ಹೆಸರು ಪಡೆದಿದ್ದ ಆ ಕಣವನ್ನು ಗುರುತಿಸಿದರು. 1965ರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ದೊರೆಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ತಂಡಗಳೊಡನೆ ನಡೆಸಿದ ಆ ಪ್ರಯೋಗ ಜಗತ್ತಿನ ಮೊದಲನೆಯವುಗಳಲ್ಲಿ ಒಂದು.

ಈ ಹಿನ್ನೆಲೆಯಲ್ಲಿ 1976ರಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೋಡಬೇಕು. ಭೌತವಿಜ್ಞಾನಿಯೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯಗಳಲ್ಲಿ ಸೇರಿಸಿದ ಸಂವಿಧಾನದ 42ನೇ ತಿದ್ದುಪಡಿಯೂ ಅದೇ ವರ್ಷದ್ದು. ಶೂನ್ಯದಿಂದ ವಿಭೂತಿ, ವಸ್ತುಗಳನ್ನು ಸೃಷ್ಟಿಸುವರೆಂದು ಭಕ್ತರು ನಂಬಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ನರಸಿಂಹಯ್ಯನವರು ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೋರಿದರು, ಅವಕಾಶ ಸಿಗಲಿಲ್ಲ. ಸಮಿತಿಯ ಹೆಸರಿನಲ್ಲಿದ್ದ ‘ಪರೀಕ್ಷೆಗೆ ಒಳಪಡಿಸಬಹುದಾದ’ ಎಂಬ ವಿಶೇಷಣದ ಕಡೆಗೆ ಆಗಿನ ಗದ್ದಲದಲ್ಲಿ ಹೆಚ್ಚಿನವರ ಗಮನ ಹೋಗಲಿಲ್ಲ. ಆಸ್ಪತ್ರೆಯ ಹೊರಗೆ ಕೈಮುಗಿದು ಕೂತ ತಾಯಿಯ ಶ್ರದ್ಧೆ ಯಾವ ಸಮಿತಿಯ ಮುಂದೂ ಬರಬೇಕಾಗಿಲ್ಲ, ಆಕೆ ಜಗತ್ತಿನ ವಸ್ತುಗಳ ಬಗ್ಗೆ ಹಕ್ಕೊತ್ತಾಯ ಮಂಡಿಸುತ್ತಿಲ್ಲ. ಬರಿಗೈಯಿಂದ ವಸ್ತು ಬಂತು, ಸೊಪ್ಪು ಹಾಕಿದ ನೀರು ಪೆಟ್ರೋಲಾಯಿತು ಎಂದಾಗ ಮಾತ್ರ ನಂಬಿಕೆ ತಾನಾಗಿಯೇ ಲೆಕ್ಕದ ಮನೆಗೆ ಕಾಲಿಡುತ್ತದೆ. ಅಲ್ಲಿ ಬಂದ ಮೇಲೆ ಓರ್ಫಿರೇಯಸ್ಸನ ಷರತ್ತು ನಡೆಯುವುದಿಲ್ಲ. ‘ನಿಮಗೆ ಶ್ರದ್ಧೆಯಿಲ್ಲ, ಆದ್ದರಿಂದ ಇಂದು ಆಗಲಿಲ್ಲ’ ಎಂಬ ಸಮಜಾಯಿಷಿ ಯಾವ ಸೋಲನ್ನೂ ನುಂಗಿಬಿಡುತ್ತದೆ. ಸೋಲಲು ದಾರಿಯೇ ಇಲ್ಲದ ಆ ಭದ್ರತೆ ಪೌಲಿಯ ಕಣಕ್ಕೆ ಇರಲಿಲ್ಲ.

ಕಾನೂನಿಗೂ ಈ ಚರಿತ್ರೆಯ ನೆರಳಿದೆ. ಭಾರತದ 1970ರ ಪೇಟೆಂಟ್ ಕಾಯ್ದೆಯ 3ನೇ ಪ್ರಕರಣ, ಸುಸ್ಥಾಪಿತವಾದ ಪ್ರಕೃತಿ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲ. ಅಮೆರಿಕದ ಪೇಟೆಂಟ್ ಕಚೇರಿ ಸಾಮಾನ್ಯವಾಗಿ ಮಾದರಿ ಯಂತ್ರ ಕೇಳುವುದಿಲ್ಲವಾದರೂ ನಿರಂತರ ಚಲನೆಯ ಅರ್ಜಿ ಬಂದರೆ ‘ನಡೆಸಿ ತೋರಿಸಿ’ ಎನ್ನಬಲ್ಲದು. ನನಗೆ ಎರಡನೆಯ ಕ್ರಮವೇ ಹೆಚ್ಚು ಹಿಡಿಸುತ್ತದೆ.

ಕೋಲಾರದ ಗಣಿಗೆ ಮತ್ತೆ ಇಳಿಯೋಣ. ಪರಮಾಣುವಿನ ಬೀಜದಲ್ಲಿರುವ ಪ್ರೋಟಾನ್ ಎಂಬ ಕಣ ಎಂದೂ ಒಡೆಯುವುದಿಲ್ಲ ಎಂಬುದು ಬಹುಕಾಲ ಶಕ್ತಿಯ ನಿಯಮದಂತೆಯೇ ಒಪ್ಪಿತವಾಗಿದ್ದ ಇನ್ನೊಂದು ‘ಆಗದು’. 1974ರಲ್ಲಿ ಬಂದ ಹೊಸ ಸಿದ್ಧಾಂತವೊಂದು, ಅದು ಒಡೆಯಬಹುದು, ಆದರೆ ವಿಶ್ವದ ವಯಸ್ಸಾದ 1,380 ಕೋಟಿ ವರ್ಷ ಅದರ ಆಯಸ್ಸಿನ ಮುಂದೆ ಏನೂ ಅಲ್ಲ ಎಂದಿತು. ಒಂದು ಪ್ರೋಟಾನಿಗಾಗಿ ಅಷ್ಟು ಕಾಲ ಕಾಯುವ ಬದಲು, ಅಸಂಖ್ಯ ಪ್ರೋಟಾನುಗಳನ್ನು ಒಟ್ಟಿಗೆ ಕೆಲವು ವರ್ಷ ಕಾಯ್ದರೆ ಸಾಕು. 1980ರಲ್ಲಿ ಗಣಿಯ ಆಳದಲ್ಲಿ 140 ಟನ್ ಕಬ್ಬಿಣದ ನಡುವೆ ಕಣಪತ್ತೆಯ ನಳಿಗೆಗಳನ್ನು ಜೋಡಿಸಿ ಕೂತವರಿಗೆ, ಪ್ರೋಟಾನ್ ಒಡೆದಿರಬಹುದೆನಿಸುವ ಬೆರಳೆಣಿಕೆಯ ಗುರುತುಗಳು ಕಂಡವು. ಅದನ್ನು ಅವರು ಪ್ರಕಟಿಸಿದರು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಲ್ಲಿ ಅಂಥದ್ದು ಕಾಣಲಿಲ್ಲ, ಹಾಗಾಗಿ ಆ ಗುರುತುಗಳು ಪುರಾವೆಯಾಗಿ ನಿಲ್ಲಲಿಲ್ಲ. 1990ರ ದಶಕದಲ್ಲಿ ಪ್ರಯೋಗ ನಿಂತಿತು, 2001ರಲ್ಲಿ ಗಣಿಯೂ ಮುಚ್ಚಿತು. ಜಪಾನಿನ ಸೂಪರ್-ಕಮಿಯೊಕಾಂಡೆ ಎಂಬ ನೆಲದಾಳದ ಕಣಪತ್ತೆ ಕೇಂದ್ರದಲ್ಲಿ 50,000 ಟನ್ ನೀರಿನ ಸುತ್ತ ಕಾವಲು ಮುಂದುವರಿದಿದೆ. ಒಂದರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಗಳಿಗಿಂತ ಪ್ರೋಟಾನಿನ ಆಯಸ್ಸು ಕಡಿಮೆಯಿರಲಾರದು ಎಂಬಲ್ಲಿಗೆ ಲೆಕ್ಕ ಬಂದಿದೆ. ಈವರೆಗೆ ಒಂದೂ ಒಡೆದದ್ದು ಕಂಡಿಲ್ಲ. ಅದಕ್ಕಿಂತ ಹಲವು ಪಟ್ಟು ದೊಡ್ಡ ತೊಟ್ಟಿಯ ಕೆಲಸವನ್ನು ಅಲ್ಲಿಯೇ ಬೆಟ್ಟದ ಒಡಲಲ್ಲಿ ಕೈಗೆತ್ತಿಕೊಂಡಿದ್ದಾರೆ.